ಭಾರವೋ, ತಾರಕವೋ?

ಸಂತಾನವು ತಾಯಿಗೆ ಭಾರವೋ, ತಾರಕವೋ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ತುಂಬಿದ ಮನೆಯನ್ನು ನೋಡಿ ಉತ್ತರ ಹೇಳುತ್ತೇವೆ. ತಂದೆಯ ಹೆಸರು, ಗೋತ್ರ, ಬಂಧುಬಳಗ ಇದ್ದಲ್ಲಿ ಭಾರವು ಹಲವರ ಹೆಗಲಿಗೆ ಹಂಚಿಹೋಗುತ್ತದೆ. ಅವು ಯಾವುವೂ ಇಲ್ಲದ ತಾಯಿಯ ವಿಷಯದಲ್ಲಿಯೇ ಈ ಪ್ರಶ್ನೆಯ ನಿಜವಾದ ತೂಕವು ತಿಳಿಯುವುದು.

ಛಾಂದೋಗ್ಯೋಪನಿಷತ್ತಿನ ಜಬಾಲೆಯು ಅಂತಹ ತಾಯಿ. ಅಧ್ಯಯನಕ್ಕೆ ಹೊರಟ ಮಗನು ಗೋತ್ರವನ್ನು ಕೇಳಿದಾಗ, ಹಲವೆಡೆ ಪರಿಚಾರಿಕೆಯಾಗಿದ್ದ ತನಗೆ ಅದು ತಿಳಿಯದೆಂದೂ, ತನ್ನ ಹೆಸರನ್ನೇ ಹೇಳಿಕೊಳ್ಳಬೇಕೆಂದೂ ಅವಳು ತಿಳಿಸಿದಳು. ಯಾವುದೋ ಗೋತ್ರವನ್ನು ಹೇಳಿದ್ದರೆ ಅವಳ ಭಾರವು ಅಂದೇ ಇಳಿಯುತ್ತಿತ್ತು. ಆದರೆ ಆ ಸುಳ್ಳನ್ನು ಮಗನು ಜನ್ಮವಿಡೀ ಹೊರಬೇಕಾಗುತ್ತಿತ್ತು. ಸತ್ಯಕಾಮನು ಹಾರಿದ್ರುಮತ ಗೌತಮರ ಮುಂದೆ ತಾಯಿಯ ಮಾತನ್ನು ಯಥಾವತ್ತಾಗಿ ಒಪ್ಪಿಸಿದನು. ಅವನ ಋಜುತ್ವವನ್ನು ಕಂಡು ಅವರು ಉಪನಯನ ಮಾಡಿದರು. ಶ್ರೀಮದಾಚಾರ್ಯರೂ ತಮ್ಮ ಭಾಷ್ಯದಲ್ಲಿ ಈ ಆರ್ಜವವನ್ನೇ ಎತ್ತಿ ತೋರಿಸಿದ್ದಾರೆ. ತಾಯಿಯ ಹೆಸರು ಮಗನಿಂದಲೇ ಶ್ರುತಿಯಲ್ಲಿ ಉಳಿಯಿತು.

ಈ ಕಥೆಯು ನಮ್ಮ ಗಡಿಸೀಮೆಗೆ ದೂರದ್ದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಗೆ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿಯು ಬಹುಕಾಲ ನಡೆಯಿತು. ಮುಂಬಯಿ ಪ್ರಾಂತದ 1934ರ ಕಾಯಿದೆಯೂ ಕರ್ನಾಟಕದ 1982ರ ಕಾಯಿದೆಯೂ ಇದನ್ನು ನಿಷೇಧಿಸಿದವು. ಆದರೂ ತಾಯಿಯ ಕೊರಳಿನ ಮುತ್ತು ಮಗಳ ಕೊರಳಿಗೆ ಬರುವುದು ಬೇಗನೆ ನಿಲ್ಲಲಿಲ್ಲ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೂ ಬಾಲ್ಯದಲ್ಲಿಯೇ ಮುತ್ತು ಕಟ್ಟಿದ್ದರು. ಮುಂದೆ ಅವರು ತಮ್ಮಂತಹ ಸ್ತ್ರೀಯರೊಡನೆ ಸೇರಿ ಈ ಪದ್ಧತಿಯ ನಿರ್ಮೂಲನಕ್ಕಾಗಿ ದುಡಿದರು. 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು.

ಎಳೆವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ಸ್ವಾತಂತ್ರ್ಯವೆಲ್ಲಿತ್ತು? ಆ ದೋಷವು ಅವಳದಲ್ಲ. ಆದರೆ ಮಗಳಿಗೆ ಮುತ್ತು ಕಟ್ಟಲಾರೆನೆಂದು ನಿಂತು, ಆಕೆಯನ್ನು ಶಾಲೆಗೆ ಕಳುಹಿಸುವ ತಾಯಿಗೆ ಅನ್ನದ ಚಿಂತೆಯು ಇಮ್ಮಡಿಯಾಗುತ್ತದೆ. ಅವಳ ಉದ್ಧಾರವೂ ಅಲ್ಲಿಯೇ ಇದೆ. ಮಗುವು ಗಳಿಸಿ ತಂದುಕೊಡುವುದರಿಂದ ತಾಯಿಯು ಉದ್ಧಾರವಾಗುವುದಿಲ್ಲ. ತನ್ನ ಹೊರೆಯನ್ನು ಅದರ ತಲೆಗೆ ದಾಟಿಸದಿರುವ ಬಲವನ್ನು ಮಗುವಿನ ಮುಖ ನೋಡಿಯೇ ಪಡೆಯುತ್ತಾಳೆ.

ಇನ್ನುಳಿದುದು ಗೌತಮರ ಪಾತ್ರ, ಅದು ನಮ್ಮದು. ತಂದೆಯ ಹೆಸರಿನ ಸ್ಥಾನದಲ್ಲಿ ತಾಯಿಯ ಹೆಸರನ್ನು ಹೇಳುವ ಮಗುವು ನಮ್ಮ ಅಂಗಳಕ್ಕೆ ಬಂದಾಗ ನಾವು ಕುಲವನ್ನು ಕೆದಕುವೆವೋ, ಸತ್ಯವನ್ನು ಗುರುತಿಸುವೆವೋ? ಜಬಾಲೆಯೂ ನಿಜ ನುಡಿದಳು, ಸತ್ಯಕಾಮನೂ ನಿಜ ನುಡಿದನು. ಆ ನಿಜವನ್ನು ಗೌರವಿಸುವ ಗುರುವು ದೊರೆಯದಿದ್ದರೆ ತಾಯಿಮಕ್ಕಳಿಬ್ಬರ ಭಾರವೂ ಹಾಗೆಯೇ ಉಳಿಯುತ್ತಿತ್ತು. ಸಜ್ಜನರು ಇದನ್ನು ವಿಚಾರಿಸಬೇಕು.

ಶ್ರೀಕೃಷ್ಣಾರ್ಪಣಮಸ್ತು.