ಸ್ವಭಾವಕ್ಕೆ ತಕ್ಕ ವೆಡ್ಜ್

ಗಾಲ್ಫಿನಲ್ಲಿ ನನ್ನ ಹೊಡೆತ ಕಡಿದು; ವೆಡ್ಜ್ ನೆಲಕ್ಕೆ ಗುದ್ದಲಿಯಂತೆ ಇಳಿಯುತ್ತದೆ. ಅದಕ್ಕೇ 56 ಡಿಗ್ರಿಯ ಸ್ಯಾಂಡ್ ವೆಡ್ಜಿಗೆ 12 ಡಿಗ್ರಿ ಬೌನ್ಸ್ ಆರಿಸಿಕೊಂಡೆ. ತಳದ ಆ ಉಬ್ಬು, ಅಂಚನ್ನು ಮರಳಿನಲ್ಲಿ ಹೂತುಹೋಗಲು ಬಿಡುವುದಿಲ್ಲ. ಹುಲ್ಲು ಸವರಿದಂತೆ ಹೊಡೆಯುವ ನನ್ನ ಜೊತೆಗಾರರಿಗೆ, ಅದೂ ಗಟ್ಟಿ ನೆಲದಲ್ಲಿ, 6 ಡಿಗ್ರಿಯೇ ಸರಿ. ತಂತಮ್ಮ ಸ್ವಭಾವಕ್ಕೆ ತಕ್ಕುದನ್ನು ಹಿಡಿಯುವುದೇ ಗೀತೆಯ ಸ್ವಧರ್ಮ ಎನ್ನುತ್ತಾರೆ ಅವರು.

ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಅದೇ ಗೀತೆಯ ಆರನೇ ಅಧ್ಯಾಯ ಚಂಚಲ ಮನಸ್ಸನ್ನೂ ಅಭ್ಯಾಸದಿಂದ ಹಿಡಿಯಬಹುದು ಎನ್ನುವಾಗ, ಮಣಿಕಟ್ಟು ಯಾವ ಲೆಕ್ಕ? (ನನ್ನ ಮಣಿಕಟ್ಟು ಗೀತೆ ಓದಿಲ್ಲ, ಆ ಮಾತು ಬೇರೆ.) ಗಾಲ್ಫ್ ಆಟಗಾರ ಜೀನ್ ಸರಾಜೆನ್ ವೆಡ್ಜಿನ ತಳಕ್ಕೆ ಲೋಹ ಬೆಸೆದು 1932ರ ಬ್ರಿಟಿಷ್ ಓಪನ್ ಗೆದ್ದರು, ಆದರೆ ಬಂಕರಿನ ಮರಳಿನಲ್ಲಿ ಅಭ್ಯಾಸ ಬಿಡಲಿಲ್ಲ. ಚೀಲಕ್ಕೆ 14 ಕ್ಲಬ್‌ಗಳ ಮಿತಿಯಿದೆ. ಸ್ವಭಾವದ ಪ್ರತಿ ಓರೆಗೂ ಒಂದೊಂದು ವೆಡ್ಜ್ ಹೊರಲು ನಿಯಮವೇ ಬಿಡದು.