ಮಾಲೆಗೆ ಮುಂಚೆ ಡಾಕ್ಟರು

ಕಾರ್ತಿಕ ಹತ್ತಿರವಾದರೆ ತಮಿಳುನಾಡಿನ ನಮ್ಮ ಹೊಸೂರಿನಲ್ಲಿ ಶಬರಿಮಲೆಗೆ ಮಾಲೆ ಹಾಕುವ ನನ್ನಂಥ ಗುರುಸ್ವಾಮಿಗಳನ್ನು ಹುಡುಕಿಕೊಂಡು ಹೆಂಗಸರು ಬರುತ್ತಾರೆ. “ಇವರಿಗೊಂದು ಮಾಲೆ ಹಾಕ್ಬಿಡಿ ಸ್ವಾಮಿ, ನಲವತ್ತೊಂದು ದಿನವಾದ್ರೂ ಕುಡೀದೇ ಇರ್ತಾರೆ, ಮನೇಲಿ ನೆಮ್ಮದಿಯಾಗಿರ್ತೀವಿ.” ಗಂಡ ಪಕ್ಕದಲ್ಲಿ ನೆಲ ನೋಡುತ್ತಾ ನಿಂತಿರುತ್ತಾನೆ. ಅವನಿಗೆ ಕಾಫಿ ಕೊಟ್ಟು ಕೈ ಗಮನಿಸುತ್ತೇನೆ. ಎರಡೂ ಕೈಯಲ್ಲಿ ಹಿಡಿದರೂ ಲೋಟ ತುಳುಕಿದರೆ ಅವತ್ತು ಮಾಲೆ ಇಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ ಬಾ ಎನ್ನುತ್ತೇನೆ.

ಅಯ್ಯಪ್ಪನ ಮೇಲೆ ನಂಬಿಕೆ ಸಾಲದ ಗುರುಸ್ವಾಮಿ ಎಂದು ಬೈದವರಿದ್ದಾರೆ. ಬೈಯಲಿ. ವರ್ಷಗಟ್ಟಲೆ ದಿನಾ ಕುಡಿದ ಮಿದುಳು ಕುಡಿತದ ಮಂಪರನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಕುಡಿತ ತಟ್ಟನೆ ನಿಂತರೆ ಆ ಉದ್ರೇಕವನ್ನು ತಡೆಯುವವರಿಲ್ಲ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಬೆವರು, ಜ್ವರ, ಗೋಡೆ ಮೇಲೆ ಇಲ್ಲದ ಹುಳ ಹರಿದಾಡುವುದು. ಮನೆಯವರು ಸ್ವಾಮಿ ಮೈಮೇಲೆ ಬಂತೆಂದು ಕೈಮುಗಿಯುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣವೇ ಹೋದೀತು. ಮೊದಲೇ ಬಿ1 ವಿಟಮಿನ್ ಬರಿದಾದ ಮೈ. ಅದರ ಮೇಲೆ ವ್ರತದ ಒಪ್ಪೊತ್ತಿನ ಊಟ ಸೇರಿದರೆ ನೆನಪಿನ ಶಕ್ತಿಗೂ ಕುತ್ತು.

ಹಾಗಾದರೆ ಕುಡಿತ ಪಾಪವಲ್ಲವೇ, ಬರೀ ಕಾಯಿಲೆಯೇ? ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ಬೇಡವೆಂದರೂ ಯಾರೋ ದಬ್ಬಿದಂತೆ ಮನುಷ್ಯ ಪಾಪಕ್ಕೆ ಬೀಳುವುದೇಕೆ? ಕೃಷ್ಣ ಕಾಮ ಕ್ರೋಧಗಳನ್ನು ತೋರಿಸಿ, ಆ ವೈರಿ ಇಂದ್ರಿಯದಲ್ಲೂ ಮನಸ್ಸಿನಲ್ಲೂ ಬುದ್ಧಿಯಲ್ಲೂ ಬೀಡುಬಿಟ್ಟಿದೆ ಎನ್ನುತ್ತಾನೆ. ಬುದ್ಧಿಯೊಳಗೇ ಕೂತವನನ್ನು ಬುದ್ಧಿ ಹೇಳಿ ಓಡಿಸುವುದು ಹೇಗೆ? ಅದಕ್ಕೇ ಇರಬೇಕು, ಮೊದಲು ಇಂದ್ರಿಯಗಳನ್ನು ಹತೋಟಿಗೆ ತಾ ಎನ್ನುತ್ತಾನೆ. ಮೈಯಿಂದ ಶುರುಮಾಡು ಎಂದು ನಾನು ತಿಳಿದಿದ್ದೇನೆ. ಪಂಡಿತರು ಒಪ್ಪದಿದ್ದರೆ ಬೇಡ. ಮೊದಲ ಗ್ಲಾಸಿಗೆ ಅವನೇ ಹೊಣೆ. ಹತ್ತು ವರ್ಷ ಕಳೆದ ಮೇಲೆ, ಬೆಳಗಾಗೆದ್ದು ನಡುಕ ನಿಲ್ಲಿಸಲು ಕುಡಿಯುವ ಗ್ಲಾಸಿಗೆ ಅಷ್ಟೇ ಹೊಣೆ ಹೊರಿಸಲು ನನಗೆ ಬಾಯಿ ಬರುವುದಿಲ್ಲ. ಆಸ್ಪತ್ರೆಗೆ ನಡೆ ಎಂದಾಗ ಬಸ್ಸು ಹತ್ತುವ ಹೊಣೆ ಮಾತ್ರ ಅವನದೇ. ನಿಮ್ಹಾನ್ಸ್ ಆಸ್ಪತ್ರೆ ಇರುವುದೂ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ.

ಕುಡಿತವನ್ನು ಕಾನೂನಿನಿಂದಲೇ ನಿಲ್ಲಿಸಬಾರದೇ ಎನ್ನುವವರೂ ಇದ್ದಾರೆ. ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿ 1937ರಲ್ಲಿ ಪಾನನಿಷೇಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಗೆ; ಆಗ ನಾವೂ ಅದರಲ್ಲೇ ಇದ್ದೆವು. ಒಂದಿಡೀ ಜಿಲ್ಲೆಗೆ ಮಾಲೆ ಹಾಕಿದ ಹಾಗೆ. ಅವರ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಆದರೆ 2007ರಲ್ಲಿ ಗಡಿಯಾಚೆ ಕರ್ನಾಟಕ ಸಾರಾಯಿ ನಿಲ್ಲಿಸಿದ ಮರುವರ್ಷವೇ, ಮೇ ತಿಂಗಳಲ್ಲಿ, ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ಬೆಂಗಳೂರು, ಕೋಲಾರ, ನಮ್ಮ ಕೃಷ್ಣಗಿರಿ ಕಡೆಯೆಲ್ಲ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ಅಂಗಡಿ ಮುಚ್ಚಿತ್ತು, ಮೈಯ ಹಪಹಪಿ ಹಾಗೇ ಇತ್ತು.

ನಡುಕ ಇಳಿದು, ಮಾತ್ರೆ ಚೀಟಿ ಹಿಡಿದು ಬಂದವನಿಗೆ ಖುಷಿಯಿಂದ ಮಾಲೆ ಹಾಕುತ್ತೇನೆ. ಆಗ ಅದರ ಶಕ್ತಿ ನೋಡಬೇಕು. ನಿನ್ನೆವರೆಗೆ ಮುಖ ತಿರುಗಿಸುತ್ತಿದ್ದ ಮಗಳೂ “ಸ್ವಾಮಿ, ಊಟಕ್ಕೆ ಬನ್ನಿ” ಎನ್ನುತ್ತಾಳೆ. ಟಾಸ್ಮಾಕ್ ಮದ್ಯದಂಗಡಿ ಕಡೆ ಕಾಲೆಳೆಯುವ ಸಂಜೆಯ ಹೊತ್ತಿಗೆ ಸರಿಯಾಗಿ ಭಜನೆ ಶುರುವಾಗಿರುತ್ತದೆ. ಅವನ ಸಂಕಲ್ಪ ಅರ್ಧ, ಸುತ್ತಲಿನವರು ಅರ್ಧ.

ಕಷ್ಟವೆಲ್ಲ ಶಬರಿಮಲೆಯಿಂದ ವಾಪಸು ಬಂದು ಮಾಲೆ ತೆಗೆದ ಮೇಲೆ. ಬರೀ ಕೊರಳಲ್ಲಿ ಮತ್ತೆ ಹಳೇ ಹೆಸರಿನ ಮನುಷ್ಯ. ಹಾಗಾಗಿ ಶನಿವಾರದ ಭಜನೆಯನ್ನು ನಾವು ವರ್ಷವಿಡೀ ಇಟ್ಟುಕೊಂಡಿದ್ದೇವೆ. ಬಾಯಿ ವಾಸನೆ ಹೊಡೆಯುವವನು ಬಂದರೂ ಹಿಂದಿನ ಸಾಲಿನಲ್ಲಿ ಕೂರಿಸಿ, ಸೋಮವಾರ ಡಾಕ್ಟರ ಹತ್ತಿರ ಯಾರು ಜೊತೆಗೆ ಹೋಗುತ್ತೀರಿ ಎಂದು ಕೇಳುತ್ತೇನೆ.