ಮನೆ ಮುಂದಿನ ನೀರು ಎತ್ತ ಹೋಗುತ್ತದೆ?




ಒಬ್ಬನೇ ಮನುಷ್ಯನಿದ್ದರೆ ಅವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಕೂಡಿ ಬಾಳಬೇಕಾದಾಗ ಅದಿಲ್ಲದೆ ಆಗುವುದಿಲ್ಲ ಎಂಬ ವಿಚಾರವನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಿಡಿಸಿ ಹೇಳಿದ್ದಾರೆ. ಧಮ್ಮ ಎಂದರೆ ಮನುಷ್ಯ ಮನುಷ್ಯನ ನಡುವೆ ಇರಬೇಕಾದ ಸರಿಯಾದ ಸಂಬಂಧ. ಈ ಮಾತನ್ನು ಇಂದು ಮಳೆನೀರಿಗೆ ಹಚ್ಚಿ ನೋಡೋಣ. ನಮ್ಮ ಅಂಗಳದಿಂದ ಹೊರಟ ನೀರು ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ಹಾಗಾದರೆ ಬೀದಿಯ ಚರಂಡಿಯೂ ಒಂದು ಸಂಬಂಧವೇ ಅಲ್ಲವೇ?

ಸಿದ್ಧಾರ್ಥ ಗೌತಮರು ಮನೆ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಬಾಬಾಸಾಹೇಬರು ಕೊಡುವ ಉತ್ತರವೂ ನೀರಿಗೇ ಸೇರಿದ್ದು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಮತ್ತು ಕೋಲಿಯರು ಯುದ್ಧಕ್ಕೆ ನಿಂತರು. ಸಿದ್ಧಾರ್ಥರು ಸಂಘದ ಸಭೆಯಲ್ಲಿ ಒಂದು ದಾರಿ ತೋರಿಸಿದರು: ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಆರಿಸುವ ಐದನೆಯವರೊಬ್ಬರು ಕೂತು ಜಗಳ ಬಗೆಹರಿಸಲಿ. ಸಭೆ ಒಪ್ಪಲಿಲ್ಲ. ಅವರು ದೇಶ ತೊರೆದರು. ನೆರೆಹೊರೆಯವರು ನೀರನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕೂರುವುದು, ನೋಡಿ, ಅಷ್ಟು ಹಳೆಯ ಧಮ್ಮಕಾರ್ಯ.

ನಾನು ಕನ್ನಡ ಮೇಷ್ಟ್ರು. ಪದಗಳ ಬೆನ್ನು ಹತ್ತುವುದು ನನ್ನ ಚಾಳಿ. ಹಳಗನ್ನಡದಲ್ಲಿ ‘ಕೇರಿ’ ಎಂದರೆ ಬೀದಿ, ಅಷ್ಟೇ. ಅದರಲ್ಲಿ ಮೇಲು ಕೀಳಿಲ್ಲ. ಆದರೆ ನಾನು ಬೆಳೆದ ಹಳ್ಳಿಯಲ್ಲಿ ‘ಕೇರಿ’ ಎಂದರೆ ನಾವು, ‘ಊರು’ ಎಂದರೆ ಅವರು. ಊರು ದಿಣ್ಣೆಯ ಮೇಲೆ, ಕೇರಿ ತಗ್ಗಿನಲ್ಲಿ. ಮುಂಗಾರಿನ ಮೊದಲ ಮಳೆಗೆ ಊರಿನ ಹಟ್ಟಿ, ಬಚ್ಚಲು, ತಿಪ್ಪೆಗಳನ್ನೆಲ್ಲ ತೊಳೆದ ನೀರು ನಮ್ಮ ಹೊಸ್ತಿಲಿಗೆ ಬರುತ್ತಿತ್ತು. ಅವ್ವ ಮರದ ಹಲಗೆ ಅಡ್ಡ ಇಟ್ಟು ಮಣ್ಣು ಮೆತ್ತುತ್ತಿದ್ದಳು. ತಮ್ಮ ಕೊಳೆಯನ್ನು ನಮ್ಮ ಬಾಗಿಲಿಗೆ ಬಿಟ್ಟವರು ಶುದ್ಧರು, ಅದನ್ನು ಬಳಿದು ಹಾಕಿದವರು ಅಶುದ್ಧರು! ಜಾತಿ ಪುಸ್ತಕದಲ್ಲಿ ಮಾತ್ರ ಇರಲಿಲ್ಲ, ಬೀದಿಯ ಇಳಿಜಾರಿನಲ್ಲೂ ಇತ್ತು.

ಇಳಿಜಾರನ್ನು ನಾವು ಬದಲಿಸಲಾಗದು. ಆದರೆ ಬೀದಿಯನ್ನು ಬೇರೆ ರೀತಿಯಲ್ಲಿ ಕಟ್ಟಬಹುದೇ? ಅಮೆರಿಕದ ಸಿಯಾಟಲ್ ನಗರದವರು ಕಟ್ಟಿ ತೋರಿಸಿದ್ದಾರೆ. ಆ ಊರಿನ ಹೆಸರು ನಮಗೆ ಹೊಸತಲ್ಲ. ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿದ ಅಮೆರಿಕದ ಮೊದಲ ನಗರ ಅದು. 2023ರ ಫೆಬ್ರವರಿ 21ರಂದು. ಅದಕ್ಕೂ ಎರಡು ದಶಕ ಮೊದಲು, 2001ರಲ್ಲಿ, ಅಲ್ಲಿನ ಒಂದು ವಸತಿ ಬೀದಿಯನ್ನು ಹೊಸದಾಗಿ ರೂಪಿಸಿದರು. ‘ಸೀ ಸ್ಟ್ರೀಟ್’ ಎಂದು ಅದಕ್ಕೆ ಹೆಸರು.

ಅಲ್ಲಿ ಮಾಡಿದ್ದು ಸರಳ ಕೆಲಸ. ಡಾಂಬರನ್ನು ಸುಮಾರು 14 ಅಡಿ ಅಗಲಕ್ಕೆ ಇಳಿಸಿದರು. ನೇರ ರಸ್ತೆಯನ್ನು ಹಾವಿನಂತೆ ಬಳುಕಿಸಿದರು. ಉಳಿದ ಜಾಗದಲ್ಲಿ, ಮನೆಗಳ ಮುಂದೆ, ತಗ್ಗಾದ ಇಂಗುಪಾತಿಗಳನ್ನು ತೋಡಿ ಗೊಬ್ಬರ ಬೆರೆತ ಸಡಿಲ ಮಣ್ಣು ತುಂಬಿದರು. 100ಕ್ಕೂ ಹೆಚ್ಚು ಮರ, 1,100 ಪೊದೆಗಿಡ ನೆಟ್ಟರು. ಮಳೆನೀರು ಈ ಪಾತಿಗೆ ಇಳಿದು ನಿಧಾನವಾಗುತ್ತದೆ. ಹೂಳು ಅಲ್ಲೇ ತಂಗುತ್ತದೆ. ಬೇರುಗಳು ಮಣ್ಣನ್ನು ಬಿರಿಸಿ ನೀರಿಗೆ ದಾರಿ ಮಾಡುತ್ತವೆ. ಎಣ್ಣೆಯಂಥ ಕೊಳೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಎರಡು ವರ್ಷ ಅಳೆದು ನೋಡಿದಾಗ, ಆ ಬೀದಿಯಿಂದ ಹರಿದು ಹೊರಹೋಗುವ ಮಳೆನೀರು ಶೇ. 99ರಷ್ಟು ಕಡಿಮೆಯಾಗಿತ್ತು.

ಇದರ ಹಿಂದಿನ ಕರುಣೆಯನ್ನೂ ಗಮನಿಸಿ. ಆ ಭಾಗದ ತೊರೆಗಳಿಗೆ ಕೋಹೊ ಸಾಲ್ಮನ್ ಎಂಬ ಮೀನು ಸಮುದ್ರದಿಂದ ಮೊಟ್ಟೆಯಿಡಲು ಬರುತ್ತದೆ. ರಸ್ತೆಯ ನೀರು ತೊರೆಗೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ವಾಹನಗಳ ಟೈರು ಸವೆದು ಉದುರುವ ಪುಡಿಯಿಂದ ಹುಟ್ಟುವ ಒಂದು ರಾಸಾಯನಿಕ ಇದಕ್ಕೆ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಪತ್ತೆ ಹಚ್ಚಿದರು. ಅದಕ್ಕೂ ಮೊದಲು, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದೇ ರಸ್ತೆ ನೀರನ್ನು ಮರಳು ಮತ್ತು ಕಾಂಪೋಸ್ಟಿನ ಪದರದ ಮೂಲಕ ಸೋಸಿ ಬಿಟ್ಟಾಗ ಮೀನುಗಳು ಬದುಕಿದ್ದವು. ಕಾರು ಓಡಿಸುವವನಿಗೆ ಆ ಮೀನು ಕಾಣುವುದೇ ಇಲ್ಲ. ಕಾಣದ ಜೀವಕ್ಕೂ ನನ್ನಿಂದ ಕೇಡಾಗದಿರಲಿ ಎಂದು ಬೀದಿಯನ್ನೇ ತಿದ್ದುವುದು ಮೈತ್ರಿಯಲ್ಲದೆ ಇನ್ನೇನು?

ಬಡವರ ಪಾಲಿಗೆ ಇದು ಬಂತೇ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅದೇ ಸಿಯಾಟಲ್‌ನಲ್ಲಿ ಹೈ ಪಾಯಿಂಟ್ ಎಂಬ ಬಡಾವಣೆಯಿದೆ. 1942ರಲ್ಲಿ ಯುದ್ಧಕಾಲದ ಕೆಲಸಗಾರರಿಗೆ ಕಟ್ಟಿ, ಮುಂದೆ ಬಡವರ ಸರ್ಕಾರಿ ವಸತಿಯಾದ ಜಾಗ. 2000ದ ದಶಕದಲ್ಲಿ ಅದನ್ನು ಪುನಃ ಕಟ್ಟುವಾಗ ಬೀದಿ ಬೀದಿಗೂ ಇಂಗುಪಾತಿ ಬಂತು. ಕಡಿಮೆ ಬಾಡಿಗೆಯ ಮನೆ ಮತ್ತು ಕೊಂಡ ಮನೆ ಒಂದೇ ಬೀದಿಯಲ್ಲಿ ನಿಂತವು. ಹಳೆಯ ಬಾಡಿಗೆದಾರರೆಲ್ಲ ಮರಳಿ ಬರಲಿಲ್ಲ ಎಂಬುದೂ ನಿಜ. ಬೀದಿ ಹಸಿರಾದ ಮೇಲೆ ಅಲ್ಲಿ ಯಾರು ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ನಾವು ಎಲ್ಲೇ ಹೋದರೂ ಎತ್ತಬೇಕು.

ಈಗ ನನ್ನ ಮುಖ್ಯ ಮಾತು. ಇಂಗುಪಾತಿಗೆ ಆರೈಕೆ ಬೇಕು. ಎಲೆ ತೆಗೆಯಬೇಕು, ಹೂಳು ಎತ್ತಬೇಕು, ಕಳೆ ಕೀಳಬೇಕು. ಸೀ ಸ್ಟ್ರೀಟ್‌ನಲ್ಲಿ ಗಿಡಗಳನ್ನು ನೋಡಿಕೊಳ್ಳಲು ಆ ಬೀದಿಯ ಮನೆಯವರೇ ಒಪ್ಪಿ ಮುಂದೆ ಬಂದರು. ಕೈಯಲ್ಲಿ ಸಲಿಕೆ ಹಿಡಿದು ಹೊರಗೆ ಬಂದವರು ಪಕ್ಕದ ಮನೆಯವರನ್ನು ಮಾತಾಡಿಸದೆ ಇರಲಾರರು. ನೆರೆಹೊರೆ ಬೆಳೆಯುವುದು ಹೀಗೆ, ಕೂಡಿ ಮಾಡುವ ಕೆಲಸದಿಂದ.

ನಮ್ಮಲ್ಲಿ ಸಲಿಕೆ ಯಾರ ಕೈಯಲ್ಲಿದೆ? 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಮಾಡಿದರು. 2013ರಲ್ಲಿ ದೇಶಕ್ಕೇ ಕಾಯ್ದೆ ಬಂತು. ಆದರೂ ಚರಂಡಿ ಕಟ್ಟಿದರೆ ಇಂದಿಗೂ ಊರಿನ ಕಣ್ಣು ಹುಡುಕುವುದು ನಮ್ಮವರನ್ನೇ. ನಾಳೆ ನಮ್ಮ ಪಟ್ಟಣಗಳಿಗೂ ಹಸಿರು ಬೀದಿ ಬರಲಿ, ಸಂತೋಷ. ಆದರೆ ಗಿಡ ನೋಡಿ ಹಿಗ್ಗುವವರು ಒಂದು ಜಾತಿ, ಹೂಳು ಎತ್ತುವವರು ಇನ್ನೊಂದು ಜಾತಿ ಎಂದಾದರೆ, ಅದು ಹೂವು ಮುಡಿದ ಹಳೆಯ ಚರಂಡಿಯೇ. ಪ್ರಜ್ಞೆ ಬೀದಿಯನ್ನು ರೂಪಿಸುತ್ತದೆ, ಕರುಣೆ ಮೀನನ್ನು ಉಳಿಸುತ್ತದೆ. ಸಮತೆ ಬರಬೇಕಾದರೆ ಎಲ್ಲ ಮನೆಯವರೂ ಸಲಿಕೆ ಹಿಡಿಯಬೇಕು.

ಯಾರ ಪುಣ್ಯ ಹಗಲೂ ಇರುಳೂ ಬೆಳೆಯುತ್ತದೆ ಎಂಬ ಪ್ರಶ್ನೆ ಸಂಯುತ್ತ ನಿಕಾಯದಲ್ಲಿ ಬರುತ್ತದೆ. ತೋಪು ನೆಡುವವರು, ಸೇತುವೆ ಕಟ್ಟುವವರು, ಅರವಟ್ಟಿಗೆ ಇಡುವವರು, ಬಾವಿ ತೋಡಿಸುವವರು ಎಂಬ ಅರ್ಥದ ಉತ್ತರವನ್ನು ತಥಾಗತರು ಕೊಡುತ್ತಾರೆ. ಸಾಮ್ರಾಟ ಅಶೋಕರು ದಾರಿಬದಿಗೆ ಆಲ ನೆಡಿಸಿ ಬಾವಿ ತೋಡಿಸಿದ್ದು ಇದೇ ಹಾದಿಯಲ್ಲಿ. ಇವೆಲ್ಲವೂ ಬೀದಿಯ ಕೆಲಸಗಳು, ನಾಲ್ಕು ಜನರಿಗೆ ಆಗುವ ಕೆಲಸಗಳು.

ಇಂದಿನ ಅಭ್ಯಾಸ: ಮುಂದಿನ ಮಳೆಯಲ್ಲಿ ಛತ್ರಿ ಹಿಡಿದು ನಿಮ್ಮ ಬೀದಿಯ ಕೊನೆಯವರೆಗೆ ನಡೆಯಿರಿ. ನಿಮ್ಮ ಮನೆಯ ನೀರು ಯಾರ ಬಾಗಿಲಿಗೆ ಮುಟ್ಟುತ್ತದೆ, ನೋಡಿ. ಆ ಮನೆಯವರ ಹೆಸರು ಕೇಳಿಕೊಳ್ಳಿ. ಬುದ್ಧ ವಿಹಾರದ ಅಥವಾ ಸಮುದಾಯ ಭವನದ ಮುಂದೆ, ಗೋಡೆಯ ಬುನಾದಿಯಿಂದ ದೂರಕ್ಕೆ, ಒಂದು ತಗ್ಗು ಪಾತಿ ತೋಡಿ ಲಾವಂಚ ನೆಡಿ. ಅದಕ್ಕೆ ಮಳೆನೀರು ಮಾತ್ರ ಬರಲಿ, ಬಚ್ಚಲ ನೀರು ಬೇಡ. ಎರಡು ಮೂರು ದಿನದೊಳಗೆ ನೀರು ಇಂಗಿದರೆ ಸೊಳ್ಳೆಗೆ ಎಡೆಯಿಲ್ಲ. ಇಂಗದಿದ್ದರೆ ಮಣ್ಣು ಸಡಿಲಿಸಿ ಮರಳು ಬೆರೆಸಿ. ಭಾನುವಾರ ಹೂಳು ಎತ್ತುವ ಪಾಳಿ ಮನೆಗೊಂದರಂತೆ ಬರಲಿ. ಮೇಷ್ಟ್ರ ಮನೆಗೂ, ಇಂಜಿನಿಯರ್ ಮನೆಗೂ ತಪ್ಪದಿರಲಿ.

ಸಾಧು, ಸಾಧು, ಸಾಧು.
ಜೈಭೀಮ್.